ಜೊತೆಗೊಬ್ಬ ಹೆಣ್ಣುಮಗಳು

ಹುಕ್ಕೇರಿ
4 ಆಗಸ್ಟ್ 2024, ರವಿವಾರ

ಅವ್ವನಿಗೆ ಹಿರಿಯ ಮಗಳ ಜೈಭೀಮ.

ನಿನ್ನ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನಮ್ಮಿಬ್ಬರ ಮಾತೆಂದರೆ ನಾನು ಕೂಗುವುದು, ನೀನು "ಹಾಂ? ಹಾಂ?" ಅನ್ನುವುದು, ಅಷ್ಟೇ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಹೇಗೂ ದಿನವಿಡೀ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು ನಾನು. ಇನ್‌ಲ್ಯಾಂಡ್ ಪತ್ರಗಳನ್ನು ಈಗ ಯಾರೂ ಕೇಳುವುದಿಲ್ಲ, ನಾನಾದರೂ ಬಳಸುತ್ತೇನೆ.

ತಂಗಿ ಭಾಗ್ಯಾ, ಇದನ್ನು ಅವ್ವನಿಗೆ ಮನೆಯಲ್ಲಿ ಓದಿ ಹೇಳಬೇಡ. ಅವಳ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಓದಿದರೆ ಮೂಡಲಗಿಯ ನಿಮ್ಮ ಓಣಿಗೆಲ್ಲ ಬೀಳುತ್ತದೆ. ಹೊಲದ ಕಡೆ ಕರೆದುಕೊಂಡು ಹೋಗಿ ಓದು.

ವಿಷಯ ಇಷ್ಟು. ಒಂದು ವರ್ಷದಿಂದ ನನ್ನ ಮುಟ್ಟು ಹತ್ತು ಹನ್ನೆರಡು ದಿನವಾದರೂ ನಿಲ್ಲುವುದಿಲ್ಲ. ಹೋದ ವಾರ ಗೋಕಾಕಿನಲ್ಲಿ ಡಾಕ್ಟರಬಾಯಿಯವರಿಗೆ ತೋರಿಸಿದೆ. ಸ್ಕ್ಯಾನಿಂಗ್ ಮಾಡಿ, ಗರ್ಭಚೀಲದೊಳಗೆ ಮಾಂಸದ ಒಂದು ಸಣ್ಣ ಗಂಟು ಬೆಳೆದಿದೆ ಎಂದರು. ಹೊಟ್ಟೆ ಕೊಯ್ಯುವುದಿಲ್ಲ. ಕೆಳಗಿನಿಂದಲೇ ತೆಳ್ಳನೆಯ ಕ್ಯಾಮೆರಾ ನಳಿಗೆ ಹಾಕಿ ಕತ್ತರಿಸಿ ತೆಗೆಯುತ್ತಾರಂತೆ. ಇಪ್ಪತ್ತು ನಿಮಿಷದ ಕೆಲಸ. ಆದರೆ ನನ್ನ ರಕ್ತ ಎಂಟಕ್ಕೆ ಇಳಿದಿದೆ. ಎರಡು ಮೂರು ತಿಂಗಳು ಕಬ್ಬಿಣದ ಗುಳಿಗೆ ನುಂಗಿ, ಹತ್ತು ದಾಟಿದ ಮೇಲೆ ಮಾಡುತ್ತಾರೆ. ಅಷ್ಟರೊಳಗೆ ನಾನೊಂದು ತೀರ್ಮಾನ ಹೇಳಬೇಕು. ಡಾಕ್ಟರಬಾಯಿಯವರ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ:

"ಎರಡು ದಾರಿ ಅದಾವ ನೋಡ್ರಿ. ಒಂದು, ಆ ಜಾಗಕ್ಕಷ್ಟ ಸೂಜಿ ಮಾಡಿ ಜೋಮು ಹಿಡಿಸ್ತೇವಿ. ನೀವು ಎಚ್ಚರ ಇರ್ತೀರಿ. ಕಿಬ್ಬೊಟ್ಟಿ ಹಿಂಡಿದಂಗ ಆಕ್ಕೈತಿ, ಸಂಜಿಗೆ ಮನಿಗೆ ಹೋಗಬಹುದು. ಇನ್ನೊಂದು, ಪೂರ್ತಿ ಮಲಗಿಸ್ತೇವಿ. ಏನೂ ಗೊತ್ತಾಗೂದಿಲ್ಲ. ಆದ್ರ ಒಂದ ರಾತ್ರಿ ಇಲ್ಲೇ ಇರಬೇಕು, ಮರುದಿನಾನೂ ಬಾಜೂಕ ಯಾರರೆ ಇರಬೇಕು. ಹೆಂಗಸರ ವಾರ್ಡಿನ್ಯಾಗ ಗಂಡಸರನ್ನ ಬಿಡೂದಿಲ್ಲ, ಜೊತಿಗೊಬ್ಬ ಹೆಣ್ಣಮಗಳು ಬೇಕು. ನಿಮಗ ಎರಡೂ ನಡೀತಾವ. ನಿಮ್ಮ ಹೆದರಿಕಿ ನೋಡ್ಕೊಂಡು ನೀವ ಆರಿಸ್ರಿ."

ಹೆದರಿಕೆ ನನಗೆ ಇದೆ, ಅದು ಸುಳ್ಳಲ್ಲ. ರಕ್ತ ಪರೀಕ್ಷೆಯ ಸೂಜಿಗೇ ಮುಖ ಅತ್ತ ತಿರುಗಿಸುವವಳು ನಾನು. ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಕಡೆಯ ಮಾತು. ಜೊತೆಗೊಬ್ಬ ಹೆಣ್ಣುಮಗಳು ಬೇಕಂತೆ. ಪೂರ್ತಿ ಮಲಗಿಸುವುದನ್ನೇ ಆರಿಸಬೇಕೆಂದಿದ್ದೇನೆ. ನೀನು ಬಾ. ಆಸ್ಪತ್ರೆಯಲ್ಲಿ ಒಂದು ರಾತ್ರಿ, ಆಮೇಲೆ ನಮ್ಮ ಮನೆಯಲ್ಲಿ ಒಂದು ವಾರ. ನಿನ್ನ ಅಳಿಯನ ತಂಗಿ ದ್ರಾಕ್ಷಾಯಿಣಿ "ನಾ ಬರತೇನಿ ವೈನಿ" ಎಂದಳು. ನಮ್ಮವ್ವ ಬರುತ್ತಾಳೆ ಎಂದುಬಿಟ್ಟೆ. ನಿನ್ನನ್ನು ಕೇಳುವ ಮೊದಲೇ ಹೇಳಿದ್ದು ತಪ್ಪೇನೋ.

ಉತ್ತರ ಬರೆಸಿದ ಮೇಲೆ ಕೆಳಗೆ ಹೆಬ್ಬೆಟ್ಟು ಒತ್ತುವುದನ್ನು ಮರೆಯಬೇಡ. ಅದಿದ್ದರೆ ನೀನೇ ಹೇಳಿದ್ದೆಂದು ನನಗೆ ಗ್ಯಾರಂಟಿ.

ದಾರಿ ಕಾಯುತ್ತಿರುವ
ಸುಮನ


ಮೂಡಲಗಿ
18 ಆಗಸ್ಟ್ 2024

ಅಕ್ಕನಿಗೆ ಭಾಗ್ಯಾಳ ಜೈಭೀಮ. ಅವ್ವ ಹೇಳಿದಂತೆ ಬರೆಯುತ್ತಿದ್ದೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ನಗಬೇಡ.

"ಸುಮನಾ, ಗಂಟು ಅಂತ ಎದಿ ಒಡಕೋಬ್ಯಾಡ. ಹೆಂಗಸರ ಹೊಟ್ಯಾಗ ಏನೇನರೆ ಇರತಾವ. ಗುಳಿಗಿ ತಪ್ಪಸಬ್ಯಾಡ. ದಿನಾ ಶೇಂಗಾ ಬೆಲ್ಲ ತಿನ್ನು, ನುಗ್ಗಿ ಸೊಪ್ಪಿನ ಪಲ್ಲೆ ಮಾಡ್ಕೊ. ಚಾ ಕಡಿಮಿ ಮಾಡು, ನೀ ಚಾದ ಮ್ಯಾಲ ದಿನಾ ದೂಡಾಕಿ. ನನ್ನ ಮೊಣಕಾಲು ಇದ್ದಂಗ ಐತಿ. ಯಾವತ್ತ ಮಾಡ್ತಾರ ಅಂತ ಬರಿ."

(ರಾಯವ್ವನ ಹೆಬ್ಬೆಟ್ಟು)

ನೀನು ಹೇಳಿದಂತೆ ಹೊಲದ ಕಡೆಯೇ ಓದಿದೆ. ಕಬ್ಬಿನ ಮರೆಯಲ್ಲಿ ಗೌರಕ್ಕ ಮೇವು ಕೊಯ್ಯುತ್ತಿದ್ದದ್ದು ನನಗೆ ಕಾಣಲಿಲ್ಲ. ಮರುದಿನ ನಲ್ಲಿಯ ಹತ್ತಿರ "ನಿಮ್ಮಕ್ಕನ ಗರ್ಭಚೀಲದಾಗ ಎಷ್ಟ ದೊಡ್ಡದೈತೆ?" ಎಂದು ಕೇಳಿದಳು. ಓಣಿಗೆ ಗೊತ್ತಾಯಿತು, ಏನು ಮಾಡಲಿ.

ಹೆಬ್ಬೆಟ್ಟು ಒತ್ತಿದ ಮೇಲೆ ಅವ್ವ ಇನ್ನೊಂದು ಮಾತು ಹೇಳಿದಳು. ಇಷ್ಟು ಸಣ್ಣ ಕೆಲಸಕ್ಕೆ ಪೂರ್ತಿ ಮಲಗುವುದು ಯಾಕೆ, ಆ ಜಾಗಕ್ಕೆ ಸೂಜಿ ಮಾಡಿಸಿಕೊಂಡು ಸಂಜೆಗೆ ಮನೆಗೆ ಹೋಗು ಎಂದಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ಭಾಗ್ಯಾ


ಹುಕ್ಕೇರಿ
1 ಸೆಪ್ಟೆಂಬರ್ 2024

ಅವ್ವಾ,

ಶೇಂಗಾ ಬೆಲ್ಲ ತಿನ್ನುತ್ತಿದ್ದೇನೆ. ಗುಳಿಗೆಯಿಂದ ಹೊಟ್ಟೆ ಕಟ್ಟಿದೆ, ಇರಲಿ. ನಾನು ಕೇಳಿದ್ದಕ್ಕೆ ಮಾತ್ರ ನಿನ್ನ ಕಾಗದದಲ್ಲಿ ಉತ್ತರವಿಲ್ಲ. ಬರುತ್ತೇನೆ ಎಂದೂ ಇಲ್ಲ, ಬರುವುದಿಲ್ಲ ಎಂದೂ ಇಲ್ಲ. ನಾಲ್ಕು ಸಲ ಓದಿದೆ.

ಹೇಳಬಾರದು ಎಂದುಕೊಂಡಿದ್ದೆ. ಇನ್ನು ಹೇಳದಿದ್ದರೆ ನನಗೇ ಆಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಭಾಗ್ಯಾಳ ಎರಡನೆಯ ಬಾಣಂತನದಲ್ಲಿ ನಾನು ಮೂಡಲಗಿಗೆ ಬಂದಿದ್ದೆ. ಒಳಗೆಲ್ಲ ಸಗಣಿ ಕುಳ್ಳಿನ ಹೊಗೆ. ನೀನು ಸೀರೆ ಮೇಲೆ ಕಟ್ಟಿಕೊಂಡು ಅವಳ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ. ಸೊಂಟದಿಂದ ಹೆಗಲಿನವರೆಗೆ, ಮತ್ತೆ ಹೆಗಲಿನಿಂದ ಸೊಂಟದವರೆಗೆ. ಅವಳು ಕಣ್ಣು ಮುಚ್ಚಿಕೊಂಡು "ಅಲ್ಲೆ, ಅಲ್ಲೆ" ಎನ್ನುತ್ತಿದ್ದಳು. ನಾನು ಬಿಸ್ಕೀಟಿನ ಪುಡಿಕೆ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದೆ. ನನ್ನನ್ನು ನೋಡಿ ನೀನು "ದೂರದಿಂದ ಬಂದೀ, ಕುಂಡ್ರು, ಚಾ ಮಾಡ್ತೇನಿ" ಎಂದೆ. ಬೀಗರಿಗೆ ಹೇಳುವ ಮಾತು ಅದು.

ಅವಳಿಗೆ ಎರಡು ಬಾಣಂತನ, ಐದೈದು ತಿಂಗಳು. ಅಂಟಿನುಂಡಿ ಕಟ್ಟಿದೆ, ಕೆಂಡದ ಶೇಕ ಕೊಟ್ಟೆ, ತಲೆಗೆ ಬಟ್ಟೆ ಬಿಗಿದೆ, ಗಾಳಿಗೆ ಹೋಗಬೇಡ ಎಂದು ಬೈದೆ. ನನಗೆ ಮದುವೆಯಾಗಿ ಹನ್ನೊಂದು ವರ್ಷ. ಹೆರದವಳಿಗೆ ಬಾಣಂತನ ಎಲ್ಲಿಂದ ಬರಬೇಕು, ಅದು ನನಗೆ ತಿಳಿಯುತ್ತದೆ. ಆದರೂ ಹೊಟ್ಟೆಕಿಚ್ಚಾಗುತ್ತದೆ ಅವ್ವಾ. ಅವಳ ಮಕ್ಕಳ ಮೇಲಲ್ಲ. ಮಕ್ಕಳನ್ನು ಕಂಡರೆ ನನಗೆ ಪ್ರಾಣ. ಆ ಬೆನ್ನಿನ ಎಣ್ಣೆಯ ಮೇಲೆ ಹೊಟ್ಟೆಕಿಚ್ಚು.

ಈ ಹನ್ನೊಂದು ವರ್ಷದಲ್ಲಿ ನನ್ನ ಗರ್ಭಚೀಲದಲ್ಲಿ ಬೆಳೆದದ್ದು ಈ ಗಂಟೊಂದೇ. ಇದಕ್ಕಾದರೂ ನೀನು ಬರಬೇಡವೇ? ಹತ್ತು ತಿಂಗಳು ಕೇಳುತ್ತಿಲ್ಲ. ಒಂದು ರಾತ್ರಿ ಕೇಳುತ್ತಿದ್ದೇನೆ. ಅದಕ್ಕಾಗಿಯೇ ಪೂರ್ತಿ ಮಲಗಿಸುವುದನ್ನು ಆರಿಸುತ್ತೇನೆ ಎಂದದ್ದು. ಆ ಜಾಗಕ್ಕಷ್ಟೇ ಸೂಜಿ ಮಾಡಿಸಿಕೊಂಡರೆ ಯಾರೂ ಬೇಕಾಗುವುದಿಲ್ಲ, ಸಂಜೆಯ ಬಸ್ಸಿಗೆ ಒಬ್ಬಳೇ ಬರಬಹುದು. ಒಬ್ಬಳೇ ಬಸ್ಸು ಹತ್ತಿ ನನಗೆ ಸಾಕಾಗಿದೆ.

ಈ ಸಲ ನೇರವಾಗಿ ಉತ್ತರ ಬರೆಸು.

ಸುಮನ


ಮೂಡಲಗಿ
15 ಸೆಪ್ಟೆಂಬರ್ 2024

ಅಕ್ಕಾ,

ಅವ್ವನಿಗೆ ಬರಲು ಆಗುವುದಿಲ್ಲ. ಮೊಣಕಾಲು ನೋವು ಜಾಸ್ತಿಯಾಗಿದೆ, ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಸೋಯಾ ಕೊಯ್ಲು ಶುರುವಾಗಿದೆ, ನಾನು ಕೂಲಿಗೆ ಹೋದರೆ ಮಕ್ಕಳನ್ನು ನೋಡುವವರಿಲ್ಲ. ಸಣ್ಣ ಸೂಜಿಯದನ್ನೇ ಮಾಡಿಸಿಕೋ ಎಂದು ಅವ್ವ ಹೇಳಿದ್ದಾಳೆ. ಹೆದರಿಕೆಯಾದರೆ ದ್ರಾಕ್ಷಾಯಿಣಿ ಇದ್ದಾಳಲ್ಲ. ಮಾಮಾನಿಗೆ ನಮಸ್ಕಾರ ತಿಳಿಸು.

ಭಾಗ್ಯಾ


ಹುಕ್ಕೇರಿ
22 ಸೆಪ್ಟೆಂಬರ್ 2024

ಭಾಗ್ಯಾ,

ಇದು ನಿನಗೆ ಬರೆದದ್ದು. ಅವ್ವನಿಗೆ ಓದುವುದೂ ಬಿಡುವುದೂ ನಿನ್ನ ಕೈಯಲ್ಲಿದೆ, ಯಾವಾಗಲೂ ಇರುವ ಹಾಗೆ.

ಪಿಂಚಣಿ ಒಯ್ಯಲು ಬರುವ ಮುದುಕಿಯರ ಹೆಬ್ಬೆಟ್ಟನ್ನು ದಿನಕ್ಕೆ ಇಪ್ಪತ್ತು ಮೂವತ್ತು ನೋಡುವವಳು ನಾನು. ನಿನ್ನ ಎರಡನೆಯ ಕಾಗದದಲ್ಲಿ ಅವ್ವನ ಹೆಬ್ಬೆಟ್ಟಿಲ್ಲ. ಮೊದಲನೆಯದನ್ನು ತೆಗೆದು ಮತ್ತೆ ನೋಡಿದೆ. ಅದರಲ್ಲಿ ಹೆಬ್ಬೆಟ್ಟಿನ ಮೇಲಿರುವುದೆಲ್ಲ ಅವ್ವನ ಮಾತು. ಶೇಂಗಾ, ನುಗ್ಗಿ, ಚಹಾದ ಬೈಗುಳ, ಯಾವತ್ತು ಮಾಡುತ್ತಾರೆ ಎಂಬ ಪ್ರಶ್ನೆ. ಸೂಜಿಯ ಮಾತು ಹೆಬ್ಬೆಟ್ಟಿನ ಕೆಳಗಿದೆ. ಅವ್ವ ಅದನ್ನು ಹೇಳಿಲ್ಲ. ನಾನು "ಬಾ" ಎಂದು ಕರೆದದ್ದೂ ಅವಳಿಗೆ ಗೊತ್ತಿಲ್ಲ. ನೀನು ಬಿಟ್ಟು ಓದಿದ್ದೀ.

ನಿನಗೆ ಏನು ಕಡಿಮೆಯಾಗಿತ್ತು ಹೇಳು. ಅಪ್ಪ ನನ್ನನ್ನು ಗೋಕಾಕಿನ ಹಾಸ್ಟೆಲ್ಲಿಗೆ ಬಿಟ್ಟ ದಿನ ನನಗೆ ಹತ್ತು ವರ್ಷ. ನಾನು ಟ್ರಂಕಿನ ಮೇಲೆ ಕೂತಿದ್ದೆ, ನೀನು ಅವ್ವನ ಕಂಕುಳಲ್ಲಿದ್ದೆ. ನೀನು ಅಳತೊಡಗಿದೆ ಎಂದು ಅವ್ವ ಬೇಗ ಹೊರಟುಹೋದಳು. ಜ್ವರ ಬಂದರೆ ವಾರ್ಡನ್‌ಬಾಯಿ ಬಾಗಿಲಲ್ಲೇ ನಿಂತು ಗುಳಿಗೆ ಕೊಡುತ್ತಿದ್ದರು. ಅವ್ವನ ಪಕ್ಕದಲ್ಲಿ ಮಲಗುವುದು ನನಗೆ ದೀಪಾವಳಿ ರಜೆಯಲ್ಲಿ, ಬೇಸಿಗೆ ರಜೆಯಲ್ಲಿ ಮಾತ್ರ. ಅವಳ ಮಗ್ಗುಲಲ್ಲಿ ಆಗಲೂ ನೀನೇ ಇರುತ್ತಿದ್ದೆ. ನಾನು ಆಚೆ ಗೋಡೆಯ ಕಡೆ ಮಲಗುತ್ತಿದ್ದೆ. ಮೂವತ್ತೆಂಟು ವರ್ಷದವಳು ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನಿನ್ನಿಂದ ಕಸಿದುಕೊಳ್ಳಲು ಕೇಳಲಿಲ್ಲ. ಒಂದು ರಾತ್ರಿಗೆ ಕೇಳಿದೆ. ಅದನ್ನೂ ನೀನು ಸೆರಗಿನಲ್ಲಿ ಗಂಟು ಹಾಕಿಕೊಂಡೆ.

ರಕ್ತ ಒಂಬತ್ತೂವರೆಗೆ ಬಂದಿದೆ. ಅಕ್ಟೋಬರ್ 25ಕ್ಕೆ ದಿನ ಕೊಟ್ಟಿದ್ದಾರೆ. ಪೂರ್ತಿ ಮಲಗಿಸಿ ಎಂದು ಹೇಳಿ ಬಂದಿದ್ದೇನೆ. ಜೊತೆಗೆ ಯಾರು ಎಂದು ಕೇಳಿದ ಕಡೆ ದ್ರಾಕ್ಷಾಯಿಣಿಯ ಹೆಸರು ಬರೆಸಿದೆ. ಅವಳಿಗಾದರೂ ಕರೆದದ್ದು ಕೇಳಿಸಿತು.

ಸುಮನ


ಮೂಡಲಗಿ
6 ಅಕ್ಟೋಬರ್ 2024

ಅಕ್ಕಾ,

ಹೌದು, ಬಿಟ್ಟು ಓದಿದೆ. ಮೊದಲ ಕಾಗದದಲ್ಲಿ ಗಂಟಿನ ಸುದ್ದಿ ಓದಿದೆ, ಗುಳಿಗೆಯ ಸುದ್ದಿ ಓದಿದೆ. ಎರಡು ದಾರಿಯ ಸುದ್ದಿ ಬಂದಾಗ ನಿಲ್ಲಿಸಿ "ಮುಗೀತು" ಎಂದೆ. ಎರಡನೆಯ ಕಾಗದ ಬಂದದ್ದನ್ನೇ ಹೇಳಲಿಲ್ಲ. ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದೆ.

ಏನು ಕಡಿಮೆಯಾಗಿತ್ತು ಎಂದು ಕೇಳಿದೆಯಲ್ಲ, ಕೇಳು. ನಿನ್ನ ಕಾಗದ ಬಂದ ದಿನ ಈ ಮನೆಯಲ್ಲಿ ಬೇರೆ ಮಾತಿಲ್ಲ. ನಾನು ದಿನವೆಲ್ಲ ಕಳೆ ತೆಗೆದು, ಕೈ ಉರಿಯುತ್ತಾ ಮನೆಗೆ ಬಂದಿರುತ್ತೇನೆ. ಅವ್ವ "ಉಂಡೇನ" ಎಂದು ಕೇಳುವುದಿಲ್ಲ. "ಸುಮನಂದು ಇನ್ನೊಮ್ಮಿ ಓದು" ಎನ್ನುತ್ತಾಳೆ. ಮೂರು ಸಲ ಓದಿಸುತ್ತಾಳೆ, ಬೇರೆಯವರ ಮುಂದೆ ಮತ್ತೊಮ್ಮೆ ಓದಿಸುತ್ತಾಳೆ. ಅಂಚೆ ಆಫೀಸಿನಲ್ಲಿ ನಿನ್ನ ತಲೆಯ ಮೇಲೆ ಫ್ಯಾನು ಇರುವುದು ಈ ಓಣಿಯ ನಾಯಿಗೂ ಗೊತ್ತು. ನನ್ನ ಬಗ್ಗೆ ಯಾರೂ ಎಲ್ಲಿಯೂ ಏನನ್ನೂ ಓದಿದ್ದಿಲ್ಲ.

ಹಾಸ್ಟೆಲ್ಲಿಗೆ ದೂಡಿದರು ಎನ್ನುತ್ತೀ. ನನಗೆ ಅದು ದೂಡಿದ್ದು ಎಂದು ಇವತ್ತಿನವರೆಗೂ ಅನ್ನಿಸಿಲ್ಲ. ಅಪ್ಪ ಸತ್ತಾಗ ನಾನು ಏಳನೆಯ ಇಯತ್ತೆಯಲ್ಲಿದ್ದೆ. ಎಮ್ಮೆ ನೋಡುವವರು ಯಾರೂ ಇರಲಿಲ್ಲ, ನನ್ನ ಪಾಟಿಚೀಲ ಗೂಟಕ್ಕೆ ನೇತುಹಾಕಿದರು. ನೀನು ಟ್ರಂಕು ಹೊತ್ತು ಹೋದದ್ದು, ನಾನು ಅವ್ವನ ಮಗ್ಗುಲಲ್ಲಿ ಉಳಿದದ್ದು. ನಿನಗೆ ಆ ಮಗ್ಗುಲು ಬೇಕಿತ್ತು. ನನಗೆ ಆ ಟ್ರಂಕು ಬೇಕಿತ್ತು. ಯಾರನ್ನು ಕೇಳೋಣ?

ಆ ಬೆನ್ನಿನ ಎಣ್ಣೆಯದನ್ನೂ ಹೇಳುತ್ತೇನೆ. ತಿಕ್ಕುತ್ತಿದ್ದಳು, ಖರೆ. ತಿಕ್ಕುತ್ತಾ "ಅಕೀಗಿ ಒಂದ ಆಗಲಿಲ್ಲಲಾ, ಅಕೀಗಿ ಒಂದ ಆಗಬೇಕಿತ್ತು" ಎನ್ನುತ್ತಿದ್ದಳು. ಹಸಿ ಬಾಣಂತಿಯ ಬೆನ್ನ ಹಿಂದೆ ಐದು ತಿಂಗಳೂ ಅದೇ ಮಾತು. ನನ್ನ ಮಗುವಿನ ಮುಖ ನೋಡಿ ನಿನ್ನ ನೆನಪಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಕಣ್ಣು ಮುಚ್ಚಿದ್ದು ಹಾಯೆನಿಸಿ ಎಂದುಕೊಂಡೆಯಾ?

ಅವಳು ನಿನ್ನ ಮನೆಗೆ ಬಂದು ಒಂದು ವಾರ ಇದ್ದರೆ ಮತ್ತೆ ಈ ತಗಡಿನ ಮನೆಗೆ ಬರುವುದಿಲ್ಲ ಎಂದು ಹೆದರಿದೆ. ಅದಕ್ಕೇ ಬಿಟ್ಟು ಓದಿದೆ. ಸೋಯಾ ಕೊಯ್ಲು, ಮೊಣಕಾಲು, ಅದೆಲ್ಲ ನೆಪ.

ನಿನ್ನ ಸಿಟ್ಟಿನ ಕಾಗದವನ್ನೂ ಒಂದು ವಾರ ಅಕ್ಕಿಯ ಡಬ್ಬಿಯಲ್ಲೇ ಇಟ್ಟಿದ್ದೆ. ಮೊನ್ನೆ ಶುಕ್ರವಾರ ಅವ್ವನನ್ನು ಕಾಲುವೆಯ ಕಡೆ ಕರೆದುಕೊಂಡು ಹೋದೆ. ಗೌರಕ್ಕ ಇಲ್ಲದ್ದನ್ನು ನೋಡಿಕೊಂಡೆ. ಮೂರೂ ಕಾಗದಗಳನ್ನು ಒಂದಕ್ಷರ ಬಿಡದೆ ಓದಿದೆ. ನನ್ನನ್ನು ಬೈದ ಜಾಗವನ್ನೂ ಓದಿದೆ. ಅವ್ವ ನನ್ನನ್ನು ಬೈಯಲಿಲ್ಲ. ಅದೇ ಹೆಚ್ಚು ಕೆಟ್ಟದೆನಿಸಿತು. ಆಮೇಲೆ ಹೇಳಿದ್ದನ್ನು ಇದ್ದ ಹಾಗೆಯೇ ಬರೆದಿದ್ದೇನೆ:

"ನಾ ಬರತೇನಿ ಅಂತ ಬರಿ. ಮೊಣಕಾಲು ತಗೊಂಡ ಬರತೇನಿ. ಆದ್ರ ಸುಮನಾ, ನಿನ್ನ ಪೂರ್ತಿ ಮಲಗಿಸಿದ್ರ ನಾ ಬಂದು ಏನ್ ಮಾಡ್ಲಿ? ಮಲಗಿದಾಕಿ ಕೈ ಹಿಡಕೊಂಡು ಕುಂತ್ರ ಅಕೀಗಿ ಏನ್ ಗೊತ್ತಾಕ್ಕೈತಿ? ಜ್ವರ ಬಂದಾಗ ಬರಲಿಲ್ಲ ಅಂತ ಬರ್ದೀ. ಈಗ ಬಂದದ್ದರೆ ನಿನಗ ಗೊತ್ತಾಗಬೇಕೋ ಬ್ಯಾಡೋ? ಎಚ್ಚರ ಇರು. ನಾ ತಲಿ ಕಡೆ ಕುಂಡರತೇನಿ. ಬಿಡೂದಿಲ್ಲ ಅಂದ್ರ ಡಾಕ್ಟರಬಾಯಿ ಕಾಲ ಹಿಡೀತೇನಿ."

(ರಾಯವ್ವನ ಹೆಬ್ಬೆಟ್ಟು) (ರಾಯವ್ವನ ಹೆಬ್ಬೆಟ್ಟು)

ಒಂದು ಸಾಲದು ಎಂದು ಎರಡೂ ಕೈಯದು ಒತ್ತಿದ್ದಾಳೆ.

ತಪ್ಪು ಮಾಡಿದ
ಭಾಗ್ಯಾ


ಹುಕ್ಕೇರಿ
13 ಅಕ್ಟೋಬರ್ 2024

ಅವ್ವಾ,

ನಿನ್ನ ಎರಡೂ ಹೆಬ್ಬೆಟ್ಟು ಮುಟ್ಟಿದವು. ನಿನ್ನೆ ಗೋಕಾಕಿಗೆ ಹೋಗಿ ಡಾಕ್ಟರಬಾಯಿಯವರನ್ನು ಕೇಳಿದೆ. "ತಲಿ ಕಡೆ ಒಬ್ಬಾಕಿ ಕುಂತ್ರ ನಡೀತೈತ್ರಿ. ಆಸ್ಪತ್ರಿ ಗೌನ್ ಹಾಕ್ಕೊಬೇಕು, ಈ ಕಡೆ ನೋಡಬಾರದು. ಚಕ್ಕರ್ ಬಂದು ಬಿದ್ರ ನಾವು ನಿಮ್ಮನ್ನ ನೋಡ್ಬೇಕೋ, ಅವರನ್ನ ನೋಡ್ಬೇಕೋ?" ಎಂದರು. ನಮ್ಮವ್ವ ಎಮ್ಮೆಯ ಹೆರಿಗೆ ಮಾಡಿಸಿದವಳು, ಬೀಳುವುದಿಲ್ಲ ಎಂದೆ. ಅವರು ನಕ್ಕರು. ತಡೆದುಕೊಳ್ಳಲು ಆಗದಿದ್ದರೆ ಹೇಳಿ, ಅಲ್ಲಿಗೇ ನಿಲ್ಲಿಸಿ ಇನ್ನೊಂದು ದಿನ ಮಲಗಿಸಿ ಮಾಡೋಣ ಎಂದೂ ಹೇಳಿದರು.

ಬರೆದದ್ದನ್ನು ಹೊಡೆದುಹಾಕಿಸಿ, ಆ ಜಾಗಕ್ಕಷ್ಟೇ ಸೂಜಿ ಎಂದು ಬರೆಸಿದೆ. ನನಗೆ ಧೈರ್ಯ ಬಂದಿದೆ ಎಂದುಕೊಳ್ಳಬೇಡ. ಒಂದು ರಾತ್ರಿ ಕೇಳಿದ್ದೆ, ಇಪ್ಪತ್ತು ನಿಮಿಷ ಸಿಕ್ಕಿತು. ಆದರೆ ಆ ಇಪ್ಪತ್ತು ನಿಮಿಷ ನನಗೆ ಗೊತ್ತಿರುತ್ತದಲ್ಲ. ನೀನು ಹೇಳಿದ್ದು ಸರಿ.

ದ್ರಾಕ್ಷಾಯಿಣಿಗೆ ಹೇಳಿದೆ. "ಅವ್ವ ಬರತಾಳಂದ್ರ ನಾ ಯಾಕ ವೈನಿ" ಎಂದಳು. ಸ್ವಲ್ಪ ಮುಖ ಸಣ್ಣದು ಮಾಡಿದಳು. ಅವಳಿಗೆ ತಾಯಿ ಇಲ್ಲ, ಆಮೇಲೆ ನೆನಪಾಯಿತು.

25ಕ್ಕೆ ಬೆಳಗ್ಗೆ ನಿನ್ನ ಅಳಿಯ ಮೂಡಲಗಿಗೆ ಬಂದು ನಿನ್ನನ್ನು ಕರೆದುಕೊಂಡು ಬರುತ್ತಾರೆ. ಭಾಗ್ಯಾ, ಅವ್ವನ ಮೊಣಕಾಲಿನ ಎಣ್ಣೆ ಚೀಲದಲ್ಲಿಡು.

ಸುಮನ


ಹುಕ್ಕೇರಿ
3 ನವೆಂಬರ್ 2024

ಭಾಗ್ಯಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಅವ್ವನ ಚೀಲದಲ್ಲಿ ಸೀರೆಯ ನಡುವೆ ಇಟ್ಟಿದ್ದೇನೆ. ಇವತ್ತು ಮಧ್ಯಾಹ್ನ ನಿಮ್ಮ ಮಾಮಾ ಅವಳನ್ನು ಮೂಡಲಗಿಗೆ ಬಿಟ್ಟು ಬರುತ್ತಾರೆ. ನೀನು ಹೆದರಿದ್ದು ಸುಳ್ಳಾಯಿತು ನೋಡು. ಒಂದು ವಾರಕ್ಕೆಂದು ಬಂದವಳು ಮೂರನೆಯ ದಿನಕ್ಕೇ "ಭಾಗ್ಯಾ ಕೂಲಿಗೆ ಹೋದ್ರ ಹುಡುಗೂರಿಗೆ ಉಣ್ಣಾಕ ಯಾರ ಕೊಡ್ತಾರ" ಎಂದು ಶುರು ಮಾಡಿದಳು. ಫ್ಯಾನಿನ ಕೆಳಗೆ ಕೂತೇ ಹೇಳಿದಳು. ನಾನು ಹಿಡಿದು ಒಂಬತ್ತು ದಿನ ಇಟ್ಟುಕೊಂಡೆ.

ಅಂಟಿನುಂಡಿ ಕಟ್ಟಿಕೊಟ್ಟಳು. ಬೆನ್ನಿಗೆ ಎಣ್ಣೆಯನ್ನೂ ತಿಕ್ಕಿದಳು. ಇಪ್ಪತ್ತು ನಿಮಿಷದ ಕೆಲಸಕ್ಕೆ ಇದೆಲ್ಲ ಬೇಡವ್ವಾ ಎಂದೆ, ಆದರೆ ಬೆನ್ನು ಕೊಟ್ಟು ಕೂತೇ ಹಾಗೆಂದೆ. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿದ್ದರು. ನಿನ್ನೆ ವರದಿ ಬಂತು, ಕೆಟ್ಟದ್ದೇನೂ ಇಲ್ಲ. ಇದಿಷ್ಟನ್ನು ಅವ್ವನಿಗೆ ಓದಿ ಹೇಳಬಹುದು.

ಇನ್ನು ಮುಂದಿನದು ನಿನಗೆ.

ಅವತ್ತು ಅವ್ವನಿಗೆ ಹಸಿರು ಗೌನು ಹಾಕಿ, ತಲೆಗೆ ಟೊಪ್ಪಿಗೆ ಕೊಟ್ಟು, ನನ್ನ ತಲೆಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿದರು. ಅವಳು ನನ್ನ ಕೈ ಹಿಡಿದಳು. ಇನ್ನೊಂದು ಕೈ ಹಣೆಯ ಮೇಲಿಟ್ಟಳು. ಮೊದಲ ಸೂಜಿಗೆ ಚುರ್ ಎಂದಿತು, ಆಮೇಲೆ ಜೋಮು ಹಿಡಿಯಿತು. ಡಾಕ್ಟರಬಾಯಿಯವರು ಪ್ರತಿಯೊಂದನ್ನೂ ಹೇಳಿ ಹೇಳಿ ಮಾಡುತ್ತಿದ್ದರು. "ಈಗ ನೀರು ಬಿಡ್ತೇವ್ರಿ, ಈಗ ಹಿಂಡಿದಂಗ ಆಕ್ಕೈತ್ರಿ." ಹಾಗೆಯೇ ಆಯಿತು. ಮುಟ್ಟಿನ ಮೊದಲ ದಿನದ ನೋವನ್ನು ನಾಲ್ಕು ಪಟ್ಟು ಮಾಡಿದಷ್ಟು. ನಾನು ಅವ್ವನ ಕೈ ಜೋರಾಗಿ ಹಿಡಿದೆ, ಬಾಯಿಂದ ಸದ್ದು ಬಂದಿತು.

ತನ್ನ ದನಿ ಎಷ್ಟು ದೊಡ್ಡದು ಎಂದು ಅವಳಿಗೆ ಕೇಳಿಸುವುದಿಲ್ಲವಲ್ಲ. ಕೋಣೆ ತುಂಬ ಕೂಗಿ ಸಮಾಧಾನ ಹೇಳತೊಡಗಿದಳು. "ಆತು ಭಾಗ್ಯಾ, ಇನ್ನೇನ ಆತು. ಉಸರ ಬಿಡು ಭಾಗ್ಯಾ. ನಾ ಇಲ್ಲೇ ಅದೇನಿ ನನ್ನವ್ವಾ."

ಒಂದು ಸಲವಲ್ಲ. ನೋವು ಬಂದಾಗಲೆಲ್ಲ ಭಾಗ್ಯಾ ಎಂದಳು.

ಹೇಗಾಯಿತು ಎಂದು ನಿನಗೆ ಹೇಳಿಯೇ ತೀರುತ್ತೇನೆ. ಕೆಳಗಿನ ನೋವು ಒಂದು ಕಡೆಗಾಯಿತು, ಎದೆಯಲ್ಲಿ ಬೆಂಕಿ ಬಿತ್ತು. ಇಲ್ಲಿಗೂ ಬಂದಳಲ್ಲ ಇವಳು ಎಂದುಕೊಂಡೆ. ಮೂರು ತಿಂಗಳು ಕಾದು, ಸಿಟ್ಟು ಮಾಡಿ, ಹೆದರಿಕೆ ನುಂಗಿ, ಎಚ್ಚರವಿದ್ದು ಕೇಳಿಸಿಕೊಂಡದ್ದು ಇದನ್ನು. ನಿಲ್ಲಿಸಿ, ನನ್ನನ್ನು ಮಲಗಿಸಿಬಿಡಿ ಎಂದು ಹೇಳಲು ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ಪಕ್ಕದಲ್ಲಿದ್ದ ನರ್ಸಮ್ಮ ಗಾಬರಿಯಾಗಿ ಕೇಸ್ ಪೇಪರ್ ಎತ್ತಿ ನೋಡಿದಳು. "ಮೇಡಂ, ಇದರಾಗ ಸುಮನ ಅಂತೈತಿ. ಇವರು ಭಾಗ್ಯಾ ಅನ್ನಾಕತ್ತಾರ" ಎಂದಳು. ಡಾಕ್ಟರಬಾಯಿಯವರ ಕೈ ನಿಂತಿತು. "ನಿಮ್ಮ ಹೆಸರು ಹೇಳ್ರಿ" ಎಂದರು.

ನಾನು ಅವ್ವನ ಕಡೆ ನೋಡಿದೆ. ಅವಳಿಗೆ ಇದೊಂದೂ ಕೇಳಿಸಿರಲಿಲ್ಲ. ಟೊಪ್ಪಿಗೆ ಕಣ್ಣಿನ ಮೇಲೆ ಜಾರಿತ್ತು. ನಿನ್ನನ್ನು ಎರಡು ಸಲ ಹೆರಿಗೆಯಲ್ಲಿ ಹಿಡಿದುಕೊಂಡ ಹಾಗೆಯೇ ನನ್ನನ್ನು ಹಿಡಿದುಕೊಂಡಿದ್ದಳು. ನೋವು ತಿನ್ನುವ ಮಗಳಿಗೆ ಅವಳಲ್ಲಿ ಒಂದೇ ಹೆಸರಿದೆ. ಬೇರೆ ಹೆಸರನ್ನು ಕಲಿಯಲು ನಾನು ಅವಳಿಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಸುಮನ ಎಂದರೆ ಅವಳಿಗೆ ಕಾಗದದಲ್ಲಿರುವವಳು.

"ಸುಮನ ನಾನ ರೀ" ಎಂದೆ. "ಭಾಗ್ಯಾನೂ ನಾನ. ಮನ್ಯಾಗ ಹಂಗ ಕರೀತಾರ. ನೀವು ಮಾಡ್ರಿ."

ಆಮೇಲೆ ಇನ್ನೆರಡು ಸಲ ನೋವು ಬಂತು. ಎರಡು ಸಲವೂ ಅವಳು ಕರೆದಳು. ಎರಡು ಸಲವೂ ನಾನು ಹೂಂ ಎಂದೆ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಈಗಲೂ ಇದೆ. ನಿನಗೂ ಇರಬಹುದು. ಇರಲಿ ಬಿಡು, ನಾವಿಬ್ಬರೂ ಅವಳ ಮಕ್ಕಳು.

ತಾನು ಯಾವ ಹೆಸರು ಹಿಡಿದು ಕರೆದೆ ಎಂದು ಅವ್ವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಈ ಕಾಗದ ಸಿಕ್ಕ ಕೂಡಲೇ ಓದು ಎಂದು ಹಟ ಹಿಡಿಯುತ್ತಾಳೆ. ವರದಿಯ ತನಕ ಓದಿ, "ಮುಗೀತು" ಎನ್ನು. ಬಿಟ್ಟು ಓದುವುದು ನಿನಗೆ ಬರುತ್ತದಲ್ಲ.

ಅಕ್ಕ